ಕಣ್ಣೂ ಕಿವಿಯೂ

ಒಮ್ಮೆ ಭೂಗೋಳದ ಪಾಠದಲ್ಲಿ ನಾವು ವೇದಾವತೀ ನದಿಯ ನಕಾಶೆಯನ್ನು ಕರಿಹಲಗೆಯ ಮೇಲೆ ಬರೆಯುತ್ತಲೇ, ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ಅಣೆಕಟ್ಟು 1907ರಲ್ಲಿ ಪೂರ್ಣವಾಯಿತೆಂದು ಹೇಳಿದೆವು. ಬಳಿಕ ಇಸವಿಯನ್ನು ಕೇಳಲಾಗಿ, ಹೊಸದುರ್ಗದ ಕಡೆಯ ಬಾಲಿಕೆಯೊಬ್ಬಳು ಉತ್ತರವಿಲ್ಲದೆ ನಿಂತಳು. ಅಲಕ್ಷ್ಯವೆಂದೆಣಿಸಿ ಗದರಿಸಿದೆವು. ಆಕೆಯ ಪುಸ್ತಕವನ್ನು ನೋಡಲು, ನದಿಯ ತಿರುವುಗಳೆಲ್ಲವೂ ಚೊಕ್ಕಟವಾಗಿ ಮೂಡಿದ್ದವು! ತಪ್ಪು ನಮ್ಮದಾಗಿತ್ತು.

ಶಬ್ದವು ಕಿವಿಯನ್ನು ಹೊಕ್ಕರೂ ಅವಧಾನವಿಲ್ಲದೆ ಮನಸ್ಸಿನಲ್ಲಿ ನಿಲ್ಲಲಾರದು. 1974ರಲ್ಲಿ ಕೊಲವೀಟಾ ಎಂಬ ಮನಶ್ಶಾಸ್ತ್ರಜ್ಞರು ಬೆಳಕನ್ನೂ ಧ್ವನಿಯನ್ನೂ ಏಕಕಾಲದಲ್ಲಿ ಒಡ್ಡಿ ಪರೀಕ್ಷಿಸಿದರು. ಬಹಳ ಸಲ ಜನರು ಬೆಳಕಿಗೆ ಮಾತ್ರ ಗುಂಡಿಯನ್ನೊತ್ತಿದರು. ಧ್ವನಿಯಾದುದನ್ನೇ ಅರಿಯದವರೂ ಇದ್ದರು.

ಹಾಗೆಂದು ಕಣ್ಣು ಕಿವಿಗೆ ವೈರಿಯಲ್ಲ. ಎರಡೂ ಒಂದೇ ವಿಷಯದಲ್ಲಿ ತೊಡಗಿದರೆ ಪರಸ್ಪರ ಸಹಾಯವಾಗುವುವು. ಗದ್ದಲದಲ್ಲಿ ಮಾತನಾಡುವವರ ತುಟಿಗಳನ್ನು ನೋಡಿದರೆ ಮಾತು ಸ್ಪಷ್ಟವಾಗುವುದು. ಅಷ್ಟಾವಧಾನಿಗಳು ಪದ್ಯವನ್ನು ರಚಿಸುತ್ತಲೇ ಘಂಟೆಯ ಸದ್ದುಗಳನ್ನೆಣಿಸುವುದುಂಟು. ಅದು ದೀರ್ಘಸಾಧನೆಯ ಫಲ, ಎಳೆಯರಿಂದ ನಿರೀಕ್ಷಿಸತಕ್ಕದ್ದಲ್ಲ.

ಆದುದರಿಂದ ಈಗ ನಾವು ಮೊದಲು ಮೌನವಾಗಿ ಬರೆಯುತ್ತೇವೆ. ಮಕ್ಕಳು ಬರೆದುಕೊಂಡು ಸೀಸದ ಕಡ್ಡಿಗಳನ್ನು ಕೆಳಗಿಟ್ಟ ಮೇಲೆ, ಅವರತ್ತ ಮುಖ ತಿರುಗಿಸಿ, ನಕಾಶೆಯ ಸ್ಥಳವನ್ನು ಬೆರಳಿನಿಂದ ತೋರಿಸುತ್ತಾ ವಿವರಿಸುತ್ತೇವೆ. ಆ ಬಾಲಿಕೆಯು ಇಸವಿಗಳನ್ನು ಮರೆಯುವುದು ಬಹಳ ಕಡಿಮೆಯಾಯಿತು.

ಚಿತ್ರದುರ್ಗ, ಹೊಳಲ್ಕೆರೆ ಮುಂತಾದ ಊರುಗಳ ತಾಯಂದಿರಲ್ಲಿಯೂ ನಮ್ಮದೊಂದು ವಿಜ್ಞಾಪನೆ: ಓದಿನಲ್ಲಿ ಮಗ್ನಳಾದ ಮಗಳು ಅಡಿಗೆಮನೆಯ ಕರೆಗೆ ಓಗೊಡದಿದ್ದರೆ, ಅವಿಧೇಯಳೆಂದು ಕೋಪಿಸುವ ಮುನ್ನ ಬಳಿಗೆ ಹೋಗಿ, ಆಕೆ ತಲೆಯೆತ್ತಿ ನೋಡಿದ ಮೇಲೆ ಮಾತನಾಡಿರಿ.