ಜೋಳದ ರಾಶಿ, ಕೆರೆ ಏರಿ ಮತ್ತು ಬೈಕ್ ಸವಾರ

ಮಳೆ ನಿಂತು ಬಿಸಿಲು ಏರಿತೆಂದರೆ ಶಿಕಾರಿಪುರ ತಾಲ್ಲೂಕಿನ ಡಾಂಬರು ರಸ್ತೆಗಳು ಕಣಗಳಾಗುತ್ತವೆ. ಬಿಡಿಸಿದ ಮೆಕ್ಕೆಜೋಳವನ್ನು ರಸ್ತೆಯ ಅರ್ಧಕ್ಕೆ ಹರಡಿ, ವಾಹನ ಹತ್ತದಿರಲೆಂದು ಅಂಚಿಗೆ ಸಾಲಾಗಿ ಕಲ್ಲು ಇಡುತ್ತಾರೆ. ಸಂಜೆ ಕಾಳು ಗುಡ್ಡೆ ಹಾಕಿ ತಾಡಪಾಲು ಹೊದಿಸುತ್ತಾರೆ, ಕಲ್ಲುಗಳು ಅಲ್ಲೇ ಉಳಿಯುತ್ತವೆ. ರಸ್ತೆ ಕಪ್ಪು, ತಾಡಪಾಲೂ ಕಪ್ಪು, ತಿರುವಿನಲ್ಲಿ ಬೀದಿದೀಪ ಇಲ್ಲ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದ ಗಳಿಗೆಯಲ್ಲಿ ಬೈಕ್ ಸವಾರನಿಗೆ ಆ ರಾಶಿ ಕಾಣುವುದೇ ಇಲ್ಲ. ಕಾರು ಹತ್ತಿದರೆ ಬಂಪರ್ ಹೋಗುತ್ತದೆ. ಬೈಕ್ ಹತ್ತಿದರೆ ಮನುಷ್ಯ ಹೋಗುತ್ತಾನೆ.

ರೈತನನ್ನು ಬೈದು ಮುಗಿಸುವ ವಿಷಯ ಇದಲ್ಲ. ಕಾಳಿನಲ್ಲಿ ತೇವ ಇದ್ದರೆ ವ್ಯಾಪಾರಿ ದರ ಮುರಿಯುತ್ತಾನೆ. ಒಣಗಿಸಲು ಜಾಗ ಬೇಕು. ಮನೆಯ ಹಿಂದೆ ಸಗಣಿ ಸಾರಿಸಿದ ಕಣ ಇರುತ್ತಿದ್ದ ಜಾಗದಲ್ಲಿ ಎಷ್ಟೋ ಕಡೆ ಅಡಿಕೆ ಸಸಿ ಎದ್ದಿದೆ. ಎರಡು ಎಕರೆಯವನಿಗೆ ಊರ ಮುಂದಿನ ಡಾಂಬರಿಗಿಂತ ಚೊಕ್ಕ ಕಣ ಇನ್ನೊಂದಿಲ್ಲ. ಉದ್ಯೋಗ ಖಾತರಿ ಕಾಮಗಾರಿಯಾಗಿ ಒಕ್ಕಣೆ ಕಣ ಕಟ್ಟಿಸಿದ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿವೆ. ಊರಿಗೊಂದು ಅಂಥ ಕಣ ಬಂದರೆ ರಸ್ತೆ ತಾನಾಗಿ ತೆರವಾಗುತ್ತದೆ. ಬೈಕ್ ಸವಾರನ ಸುರಕ್ಷತೆ ಎಂದಾಗ ಕೃಷಿ ಕಣದ ಮಾತು ಎತ್ತುವುದು ವಿಚಿತ್ರ ಎನ್ನಿಸಬಹುದು. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಅದು ವಿಚಿತ್ರವಲ್ಲ, ಏಕೆಂದರೆ ಇಲ್ಲಿ ಬೈಕ್ ಇರುವುದೇ ಕೃಷಿಯ ನಡುವೆ.

ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು, ಆಮೇಲೆ ಮಕ್ಕಳು ಶಾಲೆಗೆ, ಮಧ್ಯಾಹ್ನ ಗೊಬ್ಬರದ ಚೀಲ, ಸಂಜೆ ಶಿರಾಳಕೊಪ್ಪದಿಂದ ಸಂತೆಯ ಸಾಮಾನು, ರಾತ್ರಿ ಜ್ವರ ಬಂದ ಅಜ್ಜಿಯನ್ನು ಆನವಟ್ಟಿಯ ಆಸ್ಪತ್ರೆಗೆ. ಅಡಿಕೆ ಕೊಯ್ಯುವವರು, ಶುಂಠಿ ಕೀಳುವ ಕೂಲಿಯವರು, ಭತ್ತದ ಗದ್ದೆಗೆ ಹೋಗುವ ಹೆಂಗಸರು, ಎಲ್ಲರಿಗೂ ಅದೇ ಗಾಡಿ. ಬಸ್ಸು ಹೋಗದ ಹಳ್ಳಿ, ಹೋದರೂ ದಿನಕ್ಕೆರಡು ಸಲ ಹೋಗುವ ಹಳ್ಳಿ ಸೊರಬದ ಒಳಭಾಗದಲ್ಲಿ ಬೇಕಾದಷ್ಟಿವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಖಾಸಗಿ ಬಸ್ಸೇ ಓಡುವ ಮಾರ್ಗದಲ್ಲಿ ಅದರ ಉಪಯೋಗ ಇಲ್ಲ. ಮೂವರು ಕೂತ ಬೈಕನ್ನು ತಡೆದು ದಂಡ ಹಾಕುವುದು ಕಾನೂನು ಪ್ರಕಾರ ಸರಿಯೇ. ಆ ಮೂರನೆಯವರಿಗೆ ಸಂಜೆ ಆರರ ನಂತರ ಬಸ್ಸು ಕೊಡುವುದೂ ರಸ್ತೆ ಸುರಕ್ಷತೆಯ ಕೆಲಸವೇ ಎಂದು ನಾನು ನಂಬುತ್ತೇನೆ.

ದೇಶದ ಲೆಕ್ಕ ಹೀಗಿದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಈ ಕೊನೆಯ ಸಂಖ್ಯೆಯಲ್ಲಿ ನಮ್ಮ ಅಮ್ಮಂದಿರು, ಅಕ್ಕಂದಿರು, ಶಾಲೆಯ ಮಕ್ಕಳು ಇದ್ದಾರೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಇಷ್ಟು ವರ್ಷವಾದರೂ ಗಂಡನ ತಲೆಯ ಮೇಲೆ ಹೆಲ್ಮೆಟ್, ಹಿಂದೆ ಕೂತ ಹೆಂಡತಿಯ ತಲೆಯ ಮೇಲೆ ಸೆರಗು, ಟ್ಯಾಂಕಿನ ಮೇಲೆ ಬರಿತಲೆಯ ಮಗು ಕಾಣದ ದಿನವಿಲ್ಲ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ಟೂ ಸವಾರನಿಗೆ ಬಿಗಿದು ಕಟ್ಟುವ ಬೆಲ್ಟೂ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ಕೇಂದ್ರದ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಅದನ್ನು ಕೇಳಿದ ತಾಯಂದಿರು ಎಷ್ಟು ಜನ? ಅಂಗನವಾಡಿಯಲ್ಲಿ ಚುಚ್ಚುಮದ್ದಿನ ಜೊತೆಗೇ ಹೇಳಬೇಕಾದ ಮಾತು ಇದು.

ಹೆಲ್ಮೆಟ್ಟಿನ ಉಪಯೋಗದ ಬಗ್ಗೆ ಇನ್ನು ವಾದ ಉಳಿದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ವಿಮರ್ಶೆಯ ಪ್ರಕಾರ ಅದು ಸಾವಿನ ಅಪಾಯವನ್ನು ಶೇ 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯವನ್ನು ಶೇ 69ರಷ್ಟು ಇಳಿಸುತ್ತದೆ. ಆದರೆ ಅದು ಗಲ್ಲದ ಪಟ್ಟಿ ಬಿಗಿದ, ಐಎಸ್‌ಐ ಗುರುತಿನ ಹೆಲ್ಮೆಟ್ ಆಗಿರಬೇಕು. ಆ ಗುರುತಿಲ್ಲದ ಹೆಲ್ಮೆಟ್ ಮಾರುವುದನ್ನು 2021ರ ಜೂನ್‌ನಿಂದ ನಿಷೇಧಿಸಲಾಗಿದೆ. ಆದರೂ ಕಿವಿಯ ಮೇಲೆಯೇ ನಿಲ್ಲುವ ಅರ್ಧ ಹೆಲ್ಮೆಟ್ ರಸ್ತೆ ಬದಿಯಲ್ಲಿ ರಾಶಿ ಬಿದ್ದಿರುತ್ತದೆ. ಕೊಂಡವನಿಗೆ ದಂಡ ಹಾಕುವ ಮೊದಲು ಮಾರುವವನ ಹತ್ತಿರ ಹೋಗಬೇಕು.

ವಿಯೆಟ್ನಾಂನ ರಸ್ತೆಗಳ ತುಂಬ ಬೈಕುಗಳೇ. ಆ ದೇಶ 2007ರ ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲಿ, ಮುಂದೆ ಕೂತವರಿಗೂ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಮಾಡಿತು. ಅಲ್ಪಕಾಲದಲ್ಲೇ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಹಾಕತೊಡಗಿದರು. ಅದಕ್ಕೆ ಮೂರು ತಿಂಗಳು ಮೊದಲೇ ಸರ್ಕಾರಿ ನೌಕರರು ಹಾಕಿಕೊಂಡು ತೋರಿಸಬೇಕೆಂದು ಅಲ್ಲಿನ ಸರ್ಕಾರ ಹೇಳಿತ್ತು. ಅದು ನಮಗೆ ಹೊಂದುವ ಪಾಠ. ಹಳ್ಳಿಗೆ ಬೈಕಿನಲ್ಲಿ ಬರುವ ಮೇಷ್ಟ್ರು, ಪಿಡಿಒ, ಲೈನ್‌ಮನ್, ಗ್ರಾಮ ಆಡಳಿತಾಧಿಕಾರಿ ದಿನವೂ ಪಟ್ಟಿ ಬಿಗಿದ ಹೆಲ್ಮೆಟ್ಟಿನಲ್ಲಿ ಕಂಡರೆ ಸಾಕು, ಊರ ಹುಡುಗರು ನೋಡುತ್ತಾರೆ. ಹದಿನೆಂಟು ತುಂಬದ ಹುಡುಗನಿಗೆ ಗಾಡಿ ಕೊಟ್ಟ ಅಪ್ಪನಿಗೆ 25 ಸಾವಿರ ದಂಡ ಬಿದ್ದ ಸುದ್ದಿ ಶಿವಮೊಗ್ಗ ಜಿಲ್ಲೆಯ ನ್ಯಾಯಾಲಯಗಳಿಂದ ಆಗಾಗ ಬರುತ್ತದೆ. ಅದನ್ನು ಓದಿ ಹೆದರಿದ ಅಪ್ಪಂದಿರೂ ಇದ್ದಾರೆ, ಅದು ಒಳ್ಳೆಯದೇ.

ಮಲೆನಾಡಿನ ಅಂಚಿನ ಈ ಸೀಮೆಗೆ ತನ್ನದೇ ಒಂದು ಅಪಾಯ ಇದೆ: ಕೊಡೆ. ಸೊರಬದಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಬೈಕಿನ ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತ ಹೆಂಗಸು ಮಗುವಿಗಾಗಿ ಕೊಡೆ ಬಿಚ್ಚುತ್ತಾಳೆ. ಗಾಳಿ ಕೊಡೆಯನ್ನು ಹಿಂದಕ್ಕೆ ಎಳೆಯುತ್ತದೆ, ಕೊಡೆಯ ಜೊತೆಗೆ ಅವಳನ್ನೂ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಕೊಡೆ. ಹಿಡಿದುಕೊಳ್ಳಲು ಮೂರನೆಯ ಕೈ ಎಲ್ಲಿ? ಬೀಳುವುದು ನೇರ ತಲೆಯ ಹಿಂಭಾಗದ ಮೇಲೆ. ಇದನ್ನು ತಡೆಯಲು ಯಾವ ದೊಡ್ಡ ಯೋಜನೆಯೂ ಬೇಡ. ಹೆಂಗಸರಿಗೆ ಹೊಂದುವ ರೇನ್‌ಕೋಟು, ಮಗುವಿಗೊಂದು ಪುಟ್ಟ ರೇನ್‌ಕೋಟು ಸಾಕು. ಸ್ವಸಹಾಯ ಸಂಘದ ಒಂದು ಸಭೆಯಲ್ಲಿ ಆಗುವ ಕೆಲಸ. ಸೀರೆಯ ಸೆರಗು, ಚೂಡಿದಾರದ ವೇಲು ಚಕ್ರಕ್ಕೆ ಸಿಕ್ಕುವುದೂ ಹೀಗೆಯೇ. ಹಿಂದಿನ ಚಕ್ರದ ಅರ್ಧಕ್ಕೆ ರಕ್ಷಣೆಯ ಜಾಲರಿ, ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡಲು ಪೆಡಲು ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಹುಡುಗರು ಅಂದಕ್ಕಾಗಿ ಬಿಚ್ಚಿಸಿ ಎಸೆಯುವುದು ಮೊದಲು ಅದನ್ನೇ.

ರಾತ್ರಿಯ ಅಪಾಯ ಟ್ರ್ಯಾಕ್ಟರ್. ಹುಲ್ಲು ಹೇರಿದ ಟ್ರೈಲರಿಗೆ ಹಿಂದೆ ಕೆಂಪು ದೀಪ ಇರಲಿ, ರಿಫ್ಲೆಕ್ಟರ್ ಕೂಡ ಇರುವುದಿಲ್ಲ. ಇದ್ದರೂ ಜೋತುಬಿದ್ದ ಹುಲ್ಲು ಮುಚ್ಚಿರುತ್ತದೆ. ಶಿವಮೊಗ್ಗ–ಶಿಕಾರಿಪುರ ರಸ್ತೆ ನುಣುಪಾಗಿ ವೇಗ ಏರಿದ ಮೇಲೆ ಇದು ಇನ್ನೂ ಕೆಟ್ಟದ್ದಾಗಿದೆ. ಕೆಂಪು ರಿಫ್ಲೆಕ್ಟರ್ ಪಟ್ಟಿಯ ಖರ್ಚು ಒಂದು ಲೋಡು ಹುಲ್ಲಿನ ಮುಂದೆ ಏನೂ ಅಲ್ಲ. ಕೃಷಿ ಪತ್ತಿನ ಸಹಕಾರ ಸಂಘ, ಎಪಿಎಂಸಿ ಗೇಟು, ಅಕ್ಕಿ ಗಿರಣಿ, ಟ್ರ್ಯಾಕ್ಟರ್ ನಿಲ್ಲುವ ಇಂಥ ಕಡೆ ನಿಂತು ಅಂಟಿಸಿಬಿಡಬಹುದು. ಊರವರು ತಾವೇ ಹಾಕಿಕೊಂಡ ಹಂಪ್ಸ್ ಬಗ್ಗೆಯೂ ಹೇಳಲೇಬೇಕು. ಭಾರತೀಯ ರಸ್ತೆ ಕಾಂಗ್ರೆಸ್‌ನ ಅಳತೆಯ ಪ್ರಕಾರ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ನಮ್ಮಲ್ಲಿರುವುದು ಮೊಣಕಾಲುದ್ದದ, ಬಣ್ಣ ಕಾಣದ ದಿಣ್ಣೆ. ಮಗು ಸತ್ತ ಸಂಕಟದಲ್ಲಿ ಹಾಕಿದ ದಿಣ್ಣೆ ಇನ್ನೊಬ್ಬರ ಸೊಂಟ ಮುರಿಯುತ್ತದೆ.

ಬಿದ್ದ ಮೇಲೆ ಏನು ಎಂಬುದೂ ಈ ಸೀಮೆಯ ದೊಡ್ಡ ಪ್ರಶ್ನೆ. ಶಿಕಾರಿಪುರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಐವತ್ತು ಕಿ.ಮೀ. ಆಚೆ, ಸೊರಬದಿಂದ ಇನ್ನೂ ಎಷ್ಟೋ ದೂರ. 2016ರಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ದೇಹ ತುಂಡಾದ ಬೈಕ್ ಸವಾರ ಯುವಕ, ತನ್ನ ಅಂಗಾಂಗ ದಾನ ಮಾಡಿ ಎಂದು ಹೇಳಿ ಪ್ರಾಣ ಬಿಟ್ಟ. ಅವನ ಹೆಸರಿನಲ್ಲೇ ರಾಜ್ಯ ಸರ್ಕಾರ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ತಂದು, ಮೊದಲ 48 ಗಂಟೆಯ ಚಿಕಿತ್ಸೆಗೆ 25 ಸಾವಿರ ರೂಪಾಯಿವರೆಗೆ ನೆರವು ಕೊಟ್ಟಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಪ್ರಕಟಿಸಿದ ಯೋಜನೆಯಲ್ಲಿ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಇದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಕೋರ್ಟು, ಠಾಣೆ ಅಲೆಯಬೇಕಾದೀತೆಂದು ಹೆದರಬೇಕಿಲ್ಲ. 2019ರ ತಿದ್ದುಪಡಿಯಲ್ಲಿ ಅವರಿಗೆ ರಕ್ಷಣೆ ಸಿಕ್ಕಿದೆ. ಈ ಮೂರು ಸಂಗತಿ ಪ್ರತಿ ಬಸ್ ನಿಲ್ದಾಣದ ಗೋಡೆಯ ಮೇಲೆ ಬರೆಸಿರಬೇಕು.

ಇನ್ನು ಕೆರೆ ಏರಿ. ಶಿಕಾರಿಪುರ, ಸೊರಬ ಕೆರೆಗಳ ನಾಡು; ತಾಳಗುಂದದ ಶಾಸನದಲ್ಲೂ ಕೆರೆ ತೋಡಿಸಿದ ಮಾತಿದೆ. ಊರಿಂದ ಊರಿಗೆ ಹೋಗುವ ದಾರಿ ಎಷ್ಟೋ ಕಡೆ ಏರಿಯ ಮೇಲೆಯೇ ಸಾಗುತ್ತದೆ. ಒಂದು ಬದಿ ನೀರು, ಇನ್ನೊಂದು ಬದಿ ಗದ್ದೆಯ ಆಳ, ನಡುವೆ ಕಿರಿದಾದ ಡಾಂಬರು. ಎಷ್ಟೋ ಏರಿಗಳಿಗೆ ತಡೆಗೋಡೆ ಇಲ್ಲ. ಇಲ್ಲಿ ಸಾಯುವವರು ಸರ್ಕಾರದ ಪಟ್ಟಿಗೆ ಸ್ಥಳವಾಗಿ ಬರುವುದು ಕಷ್ಟ. ರಾಷ್ಟ್ರೀಯ ಹೆದ್ದಾರಿಗೆ ಮಾಡಿರುವ ವ್ಯಾಖ್ಯೆಯಲ್ಲಿ ಬ್ಲ್ಯಾಕ್ ಸ್ಪಾಟ್ ಎಂದರೆ ಸುಮಾರು 500 ಮೀಟರಿನೊಳಗೆ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು. ಎರಡು ವರ್ಷಕ್ಕೊಬ್ಬರನ್ನು ನುಂಗುವ ಏರಿ ಆ ಅಳತೆಗೆ ಎಂದೂ ಮುಟ್ಟುವುದಿಲ್ಲ. ಹಳ್ಳಿಯ ಸಾವು ಚದುರಿ ಬೀಳುತ್ತದೆ, ಅದಕ್ಕೇ ಲೆಕ್ಕದಿಂದ ಜಾರುತ್ತದೆ.

ಬೆಳಗಾವಿ–ಯರಗಟ್ಟಿ ರಾಜ್ಯ ಹೆದ್ದಾರಿಯ 62 ಕಿ.ಮೀ. ಉದ್ದಕ್ಕೂ ಲೋಕೋಪಯೋಗಿ, ಪೊಲೀಸ್, ಆರೋಗ್ಯ ಇಲಾಖೆಗಳು ವಿಶ್ವಬ್ಯಾಂಕ್ ನೆರವಿನಲ್ಲಿ ಒಟ್ಟಿಗೆ ಕೆಲಸ ಮಾಡಿದಾಗ, 2015ರಿಂದ 2018ರ ಹೊತ್ತಿಗೆ ಸಾವು ಅರ್ಧಕ್ಕಿಂತ ಹೆಚ್ಚು ಇಳಿಯಿತು. ಅಂಥ ಕೆಲಸ ನಮ್ಮ ರಾಜ್ಯದಲ್ಲೇ, ನಮ್ಮ ಅಧಿಕಾರಿಗಳಿಂದಲೇ ಆಗಿದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಯಾವ ಏರಿಯಲ್ಲಿ ಯಾರ ಮನೆಯ ಮಗ ಬಿದ್ದ, ಯಾವ ತಿರುವಿನಲ್ಲಿ ಪ್ರತಿ ಸುಗ್ಗಿಗೂ ರಾಶಿ ಹಾಕುತ್ತಾರೆ ಎಂಬುದು ಪಂಚಾಯಿತಿ ಸದಸ್ಯರಿಗೆ ಬಾಯಿಪಾಠ. ಎರಡೂ ತಾಲ್ಲೂಕುಗಳ ಪ್ರತಿ ಗ್ರಾಮ ಪಂಚಾಯಿತಿಯಿಂದ ಅಂಥ ಜಾಗಗಳ ಪಟ್ಟಿ ತರಿಸಿಕೊಂಡು, ಸಾವಿನ ಸಂಖ್ಯೆ ತುಂಬಲೆಂದು ಕಾಯದೆ, ಬರುವ ಮಳೆಗಾಲಕ್ಕೆ ಮೊದಲು ಏರಿಗಳಿಗೆ ತಡೆಗೋಡೆ ಮತ್ತು ರಿಫ್ಲೆಕ್ಟರ್ ಕಂಬ ಹಾಕಿಸುವುದನ್ನು ಸಮಿತಿ ತನ್ನ ಮುಂದಿನ ಸಭೆಯ ಮೊದಲ ವಿಷಯವಾಗಿ ತೆಗೆದುಕೊಳ್ಳಬೇಕು.