ಅಳತೆಯ ಕೊಳಗ ಯಾರ ಕೈಯಲ್ಲಿದೆ?

ಸೊರಬ ತಾಲ್ಲೂಕಿನ ಜಡೆ ಹೋಬಳಿಯ ನಮ್ಮ ಹಳ್ಳಿಯಲ್ಲಿ ಅವರನ್ನು ಎಲ್ಲರೂ ‘ಮಿಲ್ಟ್ರಿ ಮಾವ’ ಎಂದೇ ಕರೆಯುತ್ತಿದ್ದರು. ಫಿರಂಗಿ ದಳದಲ್ಲಿ ಹದಿನೇಳು ವರ್ಷ ದುಡಿದು ಊರಿಗೆ ಮರಳಿದಾಗ ಅವರ ಎಡಗಿವಿ ಮಂದವಾಗಿತ್ತು. ವರ್ಷಗಳು ಕಳೆದಂತೆ ಬಲಗಿವಿಯೂ ಅದರ ದಾರಿಯನ್ನೇ ಹಿಡಿಯಿತು. ಪ್ರತಿ ಆಗಸ್ಟ್ ಹದಿನೈದರಂದು ಶಾಲೆಯ ಅಂಗಳದಲ್ಲಿ ಅವರಿಗೊಂದು ಕುರ್ಚಿ ಮೀಸಲು. ಶಾಲು, ಹಾರ, ಒಂದು ತೆಂಗಿನಕಾಯಿ. ಅನಂತರ ಮುಖ್ಯ ಅತಿಥಿಗಳ ಭಾಷಣ. ಮಾವ ಮುಗುಳ್ನಗುತ್ತಾ ಕುಳಿತಿರುತ್ತಿದ್ದರು. ತಮ್ಮನ್ನು ಹೊಗಳುತ್ತಿದ್ದ ಆ ಮಾತುಗಳಲ್ಲಿ ಒಂದೂ ಅವರಿಗೆ ಕೇಳಿಸುತ್ತಿರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದ್ದನ್ನು ಕಂಡು ಎದ್ದು ಕೈಮುಗಿಯುತ್ತಿದ್ದರು.

ಅವರಿಗೆ ಬರುತ್ತಿದ್ದ ಇಂಗ್ಲಿಷ್ ಕಾಗದಗಳನ್ನು ಓದಿ ಹೇಳುವ ಕೆಲಸ ಆಗ ಕಾಲೇಜು ಹುಡುಗನಾಗಿದ್ದ ನನ್ನದು. ಸೇವಾ ಪಿಂಚಣಿ ಅವರಿಗೆ ಬರುತ್ತಿತ್ತು. ಕಿವಿಯ ಸಲುವಾಗಿ ಅಂಗವೈಕಲ್ಯ ಪಿಂಚಣಿಗೆ ಹಾಕಿದ ಅರ್ಜಿಗೆ ಒಂದು ದಿನ ಉತ್ತರ ಬಂತು. ವೈದ್ಯಕೀಯ ಮಂಡಳಿ ಅವರ ನ್ಯೂನತೆಯನ್ನು ಶೇ 15ರಿಂದ 19 ಎಂದು ನಿರ್ಧರಿಸಿದೆ, ಕನಿಷ್ಠ ಮಿತಿ ಶೇ 20 ಆಗಿರುವುದರಿಂದ ಅರ್ಜಿಯನ್ನು ಪರಿಗಣಿಸಲಾಗದು ಎಂಬುದು ಅದರ ಸಾರ. ಜಗಲಿಯ ಮೇಲೆ ಕುಳಿತು, ಅವರ ಕಿವಿಯ ಹತ್ತಿರ ಬಾಯಿಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದ್ರೆ ಒಂದಕ್ಕೆ ಕಮ್ಮಿ ಆತು ಅನ್ನು ತಮಾ’ ಎಂದರು. ಕಾಗದವನ್ನು ಮಡಿಸಿ ಟ್ರಂಕಿನೊಳಗೆ ಇಟ್ಟರು. ಮೇಲ್ಮನವಿ ಹಾಕೋಣವೆಂದು ನಾನು ಹೇಳಲಿಲ್ಲ. ಹಾಕಬಹುದೆಂಬುದು ನನಗೂ ತಿಳಿದಿರಲಿಲ್ಲ. ಮಾವ ತೀರಿಕೊಂಡು ಬಹಳ ವರ್ಷಗಳಾದರೂ ‘ಒಂದಕ್ಕೆ ಕಮ್ಮಿ’ ಎಂಬ ಆ ಮಾತು ನನ್ನನ್ನು ಬಿಟ್ಟಿಲ್ಲ.

ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿ ಓಡಾಡಿದವರಿಗೆ ವೀರಗಲ್ಲುಗಳು ಹೊಸತಲ್ಲ. ಕೆರೆಯ ಏರಿ, ಗುಡಿಯ ಅಂಗಳ, ಅಡಕೆ ತೋಟದ ಬೇಲಿ ಎಲ್ಲೆಂದರಲ್ಲಿ ಅವು ನಿಂತಿವೆ. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಪ್ರಕಟಿಸಿ ನೂರು ವರ್ಷಗಳ ಮೇಲಾಯಿತು. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನು, ಊರಳಿವನ್ನು ತಡೆಯಲು ನಿಂತು ಸತ್ತವನು, ಒಡೆಯನಿಗಾಗಿ ಕಾದಿ ಸತ್ತವನು ಇವರೆಲ್ಲ ಅಲ್ಲಿ ಕಲ್ಲಾಗಿದ್ದಾರೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಆ ಕಾಲದ ಪ್ರಭುತ್ವವೂ ಊರೂ ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಮಡಿದವನ ಮನೆತನಕ್ಕೆ ಭೂಮಿ ಕೊಡುವ ಪದ್ಧತಿಯಿತ್ತು. ನೆತ್ತರುಗೊಡಗೆ, ಬಾಳ್ಗಚ್ಚು ಎಂಬ ಮಾತುಗಳು ನಮ್ಮ ಶಾಸನಗಳ ಭಾಷೆಯಲ್ಲಿ ಉಳಿದಿರುವುದು ಅದರಿಂದಲೇ.

ಆದರೆ ನಾನು ಕಂಡ ಕಲ್ಲುಗಳಲ್ಲಿ ಕುಂಟುತ್ತಾ ಮನೆಗೆ ಮರಳಿದವನಿಗೆ ಒಂದು ಪಟ್ಟಿಕೆಯೂ ಇಲ್ಲ. ಯುದ್ಧವೆಂದರೆ ಸತ್ತವರಿಗಿಂತ ಗಾಯಗೊಂಡವರೇ ಹೆಚ್ಚು. ಕೈ ಕಳೆದುಕೊಂಡವನು ಮುಂದಿನ ಮಳೆಗಾಲದಲ್ಲಿ ನೇಗಿಲು ಹಿಡಿದದ್ದು ಹೇಗೆ ಎಂಬುದನ್ನು ಹೇಳುವ ಶಿಲ್ಪಿ ನನಗೆ ಎದುರಾಗಿಲ್ಲ. ಸತ್ತವನನ್ನು ಗೌರವಿಸುವುದು ಒಂದು ಅರ್ಥದಲ್ಲಿ ಸುಲಭ. ಅವನು ತಿರುಗಿ ಏನನ್ನೂ ಕೇಳುವುದಿಲ್ಲ. ಬದುಕಿ ಬಂದವನು ಕೇಳುತ್ತಾನೆ, ಪ್ರತಿ ತಿಂಗಳೂ ಕೇಳುತ್ತಾನೆ, ಅರ್ಜಿ ಬರೆಯುತ್ತಾನೆ.

ನಮ್ಮ ಕಾಲದಲ್ಲೂ ಇದು ಬದಲಾಗಿಲ್ಲವೇನೋ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ನಾಡು ಪ್ರಾರ್ಥಿಸಿತು, ಅವರು ತೀರಿಕೊಂಡಾಗ ಅತ್ತಿತು. ಅದು ನಿಜವಾದ ದುಃಖ. 1999ರ ಕಾರ್ಗಿಲ್ ಯುದ್ಧದಲ್ಲಿ ಕೈಬಾಂಬಿನ ಸ್ಫೋಟಕ್ಕೆ ಸಿಕ್ಕಿ ಕಾಲುಗಳಿಗೆ ತೀವ್ರ ಗಾಯವಾಗಿ, ಹಲವು ಶಸ್ತ್ರಚಿಕಿತ್ಸೆಗಳ ಬಳಿಕ ಸೇನೆಯನ್ನು ಬಿಡಬೇಕಾಗಿ ಬಂದ ಹುಬ್ಬಳ್ಳಿಯ ಕ್ಯಾಪ್ಟನ್ ನವೀನ್ ನಾಗಪ್ಪ ಅವರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ನೆನಪಿಟ್ಟುಕೊಂಡಿದ್ದೇವೆ? ಅಧಿಕಾರಿಯಾಗಿದ್ದವರ ಪಾಡೇ ಹೀಗಾದರೆ, ಗಡಿಯ ಗಾಯವೆಂದು ಹೇಳಿಕೊಳ್ಳುವಂಥ ಕಥೆಯೂ ಇಲ್ಲದೆ, ಫಿರಂಗಿಯ ಸದ್ದಿಗೆ ದಿನದಿನವೂ ಕಿವಿ ಕಳೆದುಕೊಂಡ ಸಿಪಾಯಿಯನ್ನು ನೆನೆಯುವವರು ಯಾರು?

ಇಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಕೇವಲ ಕರುಣೆಯದಲ್ಲ, ಸರ್ಕಾರದ ಅಧಿಕಾರದ್ದು. ಸೈನ್ಯಕ್ಕೆ ಸೇರುವ ವ್ಯಕ್ತಿ ತನ್ನ ಹಕ್ಕುಗಳಲ್ಲಿ ಒಂದು ದೊಡ್ಡ ಭಾಗವನ್ನು ಪ್ರಭುತ್ವದ ಕೈಗೆ ಒಪ್ಪಿಸುತ್ತಾನೆ. ಸೈನಿಕರ ಮೂಲಭೂತ ಹಕ್ಕುಗಳನ್ನು ಶಿಸ್ತಿನ ದೃಷ್ಟಿಯಿಂದ ಮೊಟಕುಗೊಳಿಸುವ ಅಧಿಕಾರವನ್ನು ಸಂವಿಧಾನದ 33ನೆಯ ವಿಧಿಯೇ ಸಂಸತ್ತಿಗೆ ಕೊಟ್ಟಿದೆ. ಸೈನಿಕ ಸಂಘ ಕಟ್ಟುವಂತಿಲ್ಲ, ಅನುಮತಿಯಿಲ್ಲದೆ ಪತ್ರಿಕೆಗೆ ಬರೆಯುವಂತಿಲ್ಲ. ಎಲ್ಲಿ ಮಲಗಬೇಕು, ಯಾವ ಚಳಿಯಲ್ಲಿ ನಿಲ್ಲಬೇಕು, ಯಾವ ಸದ್ದಿನ ಪಕ್ಕದಲ್ಲಿ ಕೆಲಸ ಮಾಡಬೇಕು ಎಂಬುದನ್ನು ಅವನ ಪರವಾಗಿ ಇನ್ನೊಬ್ಬರು ನಿರ್ಧರಿಸುತ್ತಾರೆ. ದೇಶರಕ್ಷಣೆಗೆ ಇದು ಅಗತ್ಯವೆಂದು ಒಪ್ಪೋಣ. ಆದರೆ ಒಬ್ಬ ಪ್ರಜೆಯ ದೇಹದ ಮೇಲೆ ಇಷ್ಟು ಅಧಿಕಾರ ಪಡೆದ ಸರ್ಕಾರ, ಆ ದೇಹ ಜಖಂಗೊಂಡು ಮರಳಿದಾಗ, ‘ಇದು ನನ್ನಿಂದಾದದ್ದೆಂದು ನೀನೇ ಸಾಬೀತುಪಡಿಸು’ ಎನ್ನಬಹುದೇ?

ಬಹುಕಾಲ ಆಗಿದ್ದು ಹೆಚ್ಚು ಕಡಿಮೆ ಅದೇ. ಧರ್ಮವೀರ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸೇರಿದರು. ಸುಮಾರು ಒಂಬತ್ತು ವರ್ಷಗಳ ಸೇವೆಯ ನಂತರ, 1994ರಲ್ಲಿ, ಮೂರ್ಛೆರೋಗದ ಕಾರಣಕ್ಕೆ ಶೇ 20ರ ಅಂಗವೈಕಲ್ಯವೆಂದು ಗುರುತಿಸಿ ಅವರನ್ನು ಮನೆಗೆ ಕಳುಹಿಸಲಾಯಿತು. ಇದು ಹುಟ್ಟಿನಿಂದಲೇ ದೇಹಪ್ರಕೃತಿಯಲ್ಲಿದ್ದ ದೋಷ, ಸೇವೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಪಿಂಚಣಿ ನಿರಾಕರಿಸಲಾಯಿತು. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪಿತ್ತಿತು. ಸೇರುವಾಗ ನೀವೇ ಪರೀಕ್ಷಿಸಿ ಆರೋಗ್ಯವಂತನೆಂದು ತೆಗೆದುಕೊಂಡಿದ್ದೀರಿ, ಆಗ ಯಾವ ರೋಗವನ್ನೂ ದಾಖಲಿಸಿಲ್ಲ, ಆದ್ದರಿಂದ ಅನಂತರ ಬಂದದ್ದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು. ಅಲ್ಲವೆಂದಾದರೆ ಅದನ್ನು ಸಾಬೀತುಪಡಿಸುವ ಹೊಣೆ ಸರ್ಕಾರದ್ದು ಎಂಬುದು ಅದರ ತಿರುಳು. ಎಷ್ಟು ಸರಳವಾದ ನ್ಯಾಯ! ಅದನ್ನು ಪಡೆಯಲು ಒಬ್ಬ ಸಿಪಾಯಿ ಹತ್ತೊಂಬತ್ತು ವರ್ಷ ಕಾಯಬೇಕಾಯಿತು. ಸಂದೇಹವಿದ್ದಲ್ಲಿ ಅದರ ಲಾಭ ಸೈನಿಕನಿಗೆ ಸಲ್ಲಬೇಕು ಎಂಬ ಮಾತು ನಮ್ಮ 1982ರ ನಿಯಮಗಳಲ್ಲೇ ಇತ್ತು. ಸಾಕ್ಷ್ಯ ಎರಡೂ ಕಡೆ ಸಮನಾಗಿದ್ದರೆ ಮಾಜಿ ಸೈನಿಕನ ಪರ ನಿರ್ಧರಿಸಬೇಕೆಂದು ಅಮೆರಿಕದ ಕಾನೂನೂ ಹೇಳುತ್ತದೆ. ನಿಯಮಕ್ಕೆ ನಮ್ಮಲ್ಲಿ ಕೊರತೆ ಇರಲಿಲ್ಲ. ಅದನ್ನು ಓದುವ ಮನಸ್ಸಿಗೆ ಕೊರತೆ ಇತ್ತು.

2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಇನ್ನೊಂದು ತೀರ್ಪು ಬಂತು. ಅಂಗವೈಕಲ್ಯದ ಪ್ರಮಾಣವನ್ನು ಮೇಲಿನ ಹಂತಕ್ಕೆ ಏರಿಸುವ ಸೌಲಭ್ಯ, ಅಂದರೆ ಶೇ 50ಕ್ಕಿಂತ ಕಡಿಮೆ ಇದ್ದರೆ 50 ಎಂದೂ, 50ರಿಂದ 75ರವರೆಗಿದ್ದರೆ 75 ಎಂದೂ, ಅದಕ್ಕೂ ಹೆಚ್ಚಿದ್ದರೆ 100 ಎಂದೂ ಎಣಿಸುವುದು, ಅವಧಿ ಮುಗಿಸಿ ನಿವೃತ್ತರಾದವರಿಗೂ ಸಲ್ಲಬೇಕೆಂದು ನ್ಯಾಯಾಲಯ ಎತ್ತಿಹಿಡಿಯಿತು. ಆ ದಿನ ವಜಾಗೊಂಡದ್ದು ಸರ್ಕಾರ ಹೂಡಿದ್ದ ನೂರಾರು ಮೇಲ್ಮನವಿಗಳು. ಕೆಳಹಂತದಲ್ಲಿ ಗೆದ್ದ ಅಂಗವಿಕಲ ಸೈನಿಕರನ್ನು ದೆಹಲಿಯ ಸುಪ್ರೀಂ ಕೋರ್ಟಿನವರೆಗೆ ಎಳೆದು ತಂದದ್ದು ಅವರು ಯಾವ ಧ್ವಜಕ್ಕೆ ಸೆಲ್ಯೂಟ್ ಹೊಡೆದಿದ್ದರೋ ಆ ಧ್ವಜದ ಸರ್ಕಾರವೇ. ಜಡೆಯಂಥ ಹಳ್ಳಿಯವನಿಗೆ ಬೆಂಗಳೂರೇ ದೂರ. 2009ರಲ್ಲಿ ಕೆಲಸ ಆರಂಭಿಸಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ದಕ್ಷಿಣದ ಪೀಠಗಳು ಸ್ಥಾಪನೆಯಾದದ್ದು ಚೆನ್ನೈ ಮತ್ತು ಕೊಚ್ಚಿಯಲ್ಲಿ. ಮಂಡಳಿಯಲ್ಲಿ ಸೋತವನಿಗೆ ಹೈಕೋರ್ಟಿನ ಬಾಗಿಲು ತೆರೆದಿದೆ ಎಂಬುದು ಮತ್ತೆ ಖಚಿತವಾದದ್ದು 2023ರಲ್ಲಿ, ಸುಪ್ರೀಂ ಕೋರ್ಟಿನ ಮತ್ತೊಂದು ತೀರ್ಪಿನಿಂದ.

ಇದೇ ಅವಧಿಯಲ್ಲಿ ಗೌರವದ ಮಾತುಗಳಿಗೇನೂ ಬರವಿರಲಿಲ್ಲ. 2018ನ್ನು ಸೇನೆ ಕರ್ತವ್ಯದಲ್ಲಿ ಅಂಗವಿಕಲರಾದ ಸೈನಿಕರ ವರ್ಷವೆಂದು ಘೋಷಿಸಿತು. ಮರುವರ್ಷದ ಜೂನ್‌ನಲ್ಲಿ ಆದಾಯ ತೆರಿಗೆಯ ಸುತ್ತೋಲೆಯೊಂದು ಬಂದು, ಅಂಗವೈಕಲ್ಯದಿಂದಾಗಿ ಸೇವೆಯಿಂದ ಬಿಡುಗಡೆಗೊಂಡವರ ಪಿಂಚಣಿಗೆ ಮಾತ್ರ ತೆರಿಗೆ ವಿನಾಯಿತಿ, ಅಂಗವೈಕಲ್ಯವಿದ್ದೂ ಪೂರ್ಣಾವಧಿ ದುಡಿದು ನಿವೃತ್ತರಾದವರಿಗೆ ಅದು ಇಲ್ಲ ಎಂದಿತು. ನೋವನ್ನು ನುಂಗಿಕೊಂಡು ಕೆಲಸದಲ್ಲಿ ಉಳಿದದ್ದೇ ತಪ್ಪಾಯಿತೇ? ಆ ವಿವಾದವೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2023ರ ಸೆಪ್ಟೆಂಬರಿನಲ್ಲಿ ಬಂದ ಹೊಸ ನಿಯಮಗಳು, ಹೀಗೆ ಉಳಿದು ನಿವೃತ್ತರಾಗುವವರಿಗೆ ಸಿಗುವ ಹಣದ ಹೆಸರನ್ನೇ ಬದಲಿಸಿ ‘ನ್ಯೂನತಾ ಪರಿಹಾರ’ವೆಂದು ಕರೆದವು.

ಸರ್ಕಾರದ ವಾದವನ್ನೂ ಕೇಳಬೇಕು. ಬೊಕ್ಕಸದ ಹಣ ಎಲ್ಲರದ್ದು. ರಕ್ತದೊತ್ತಡ, ಮಧುಮೇಹಗಳಂಥ ಕಾಯಿಲೆಗಳ ಹೆಸರಿನಲ್ಲಿ ಈ ಪಿಂಚಣಿಯನ್ನು ಪಡೆಯುವವರ ಬಗ್ಗೆ, ಸಿಪಾಯಿಗಳಿಗಿಂತ ಅಧಿಕಾರಿಗಳಲ್ಲಿ ಅಂಥವರ ಪಾಲು ಹೆಚ್ಚಾಗಿರುವುದರ ಬಗ್ಗೆ ಮಹಾಲೇಖಪಾಲರ ವರದಿಯೂ ಗಮನ ಸೆಳೆದಿತ್ತು. ದುರುಪಯೋಗವಿದ್ದರೆ ಅದನ್ನು ತಡೆಯಲೇಬೇಕು. ಆದರೆ ಅದನ್ನು ತಡೆಯುವ ದಾರಿ ಒಬ್ಬೊಬ್ಬನ ಕಡತವನ್ನು ಸರಿಯಾಗಿ ನೋಡುವುದು. ಕೆಲವರ ಮೇಲಿನ ಸಂಶಯವನ್ನು ಎಲ್ಲರ ಮೇಲೂ ಹೊರಿಸಿದಾಗ ಬೀಗ ಬೀಳುವುದು ವಕೀಲರನ್ನು ನೇಮಿಸಿಕೊಳ್ಳಬಲ್ಲ ಹಿರಿಯ ಅಧಿಕಾರಿಯ ಮುಂದಲ್ಲ. ಕಾಗದ ಓದಿಸಿಕೊಳ್ಳಲು ಪಕ್ಕದ ಮನೆಯ ಹುಡುಗನನ್ನು ಕರೆಯುವ ಸಿಪಾಯಿಯ ಮುಂದೆ.

ನಮ್ಮ ಸೀಮೆಯವರಿಗೆ ಈ ಮಾತು ಬೇಗ ಅರ್ಥವಾಗಬೇಕು. 1951ರಲ್ಲಿ, ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಗೇಣಿದಾರರು ಎದ್ದು ನಿಂತರು. ಶಾಂತವೇರಿ ಗೋಪಾಲಗೌಡರು ಜೊತೆಯಾದರು, ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಕಿಡಿಗಳಲ್ಲಿ ಒಂದು ಭತ್ತ ಅಳೆಯುವ ಕೊಳಗ. ಗೇಣಿ ಪಡೆಯುವವನೇ ಅಳತೆಯ ಪಾತ್ರೆಯನ್ನೂ ತರುತ್ತಿದ್ದ. ರೈತರು ಭತ್ತ ಕೊಡುವುದಿಲ್ಲವೆಂದು ಹಟ ಹಿಡಿಯಲಿಲ್ಲ. ಕೊಳಗ ನ್ಯಾಯವಾಗಿರಲಿ, ಅಷ್ಟೇ ಎಂದರು. ಒಡೆಯನ ದಯೆಯಿಂದ ಉಳುತ್ತಿದ್ದವನು ತನ್ನ ಹಕ್ಕಿನಿಂದ ಉಳುವವನಾಗುವ ದಾರಿ ಆ ಅಳತೆಯ ಪ್ರಶ್ನೆಯಿಂದಲೇ ಶುರುವಾಯಿತು.

ಅಂಗವೈಕಲ್ಯದ ಶೇಕಡಾವಾರು ಲೆಕ್ಕವೂ ಒಂದು ಕೊಳಗವೇ. ಹಣ ಕೊಡಬೇಕಾದವರೇ ಅಳೆಯುತ್ತಾರೆ, ಅಳೆದವರೇ ಸಾಲದೆನ್ನುತ್ತಾರೆ. ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ನಡುವಿನ ಒಂದು ಅಂಕೆಯಲ್ಲಿ ಒಬ್ಬನ ಮುದಿತನ ತೀರ್ಮಾನವಾಗುತ್ತದೆ. ಪಿಂಚಣಿ ಸರ್ಕಾರದ ಔದಾರ್ಯವಲ್ಲ, ಹಿಂದೆ ದುಡಿದದ್ದಕ್ಕೆ ಸಲ್ಲಬೇಕಾದ ಹಕ್ಕು ಎಂದು ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಹಕ್ಕು ಎಂದ ಮೇಲೆ ಅದನ್ನು ಅಳೆಯುವ ಮಂಡಳಿಯಲ್ಲಿ ಸೇನೆಯ ಹೊರಗಿನ ವೈದ್ಯರೂ ಇರಬೇಕು. ನಿರಾಕರಣೆಯ ಪತ್ರ ಆ ಸೈನಿಕನ ಭಾಷೆಯಲ್ಲಿರಬೇಕು, ಅದರ ಕೊನೆಯಲ್ಲಿ ಎಲ್ಲಿ, ಎಷ್ಟು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದೆಂಬ ಎರಡು ಸಾಲಿರಬೇಕು. ನ್ಯಾಯಮಂಡಳಿಯಲ್ಲಿ ಗೆದ್ದವನನ್ನು ದೆಹಲಿಗೆ ಎಳೆಯುವ ಮುನ್ನ ಹೊಣೆಯುಳ್ಳ ಒಬ್ಬ ಅಧಿಕಾರಿ ಅದಕ್ಕೆ ಕಾರಣ ಬರೆದು ಸಹಿ ಹಾಕಬೇಕು. ಇವು ಬೊಕ್ಕಸ ಬರಿದಾಗಿಸುವ ಬೇಡಿಕೆಗಳೇನೂ ಅಲ್ಲ.

ಪ್ರತಿ ವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ಬರುತ್ತದೆ. 1949ರಿಂದ ನಡೆದುಬಂದ ಪದ್ಧತಿ. ನಾವು ಪುಟ್ಟ ಧ್ವಜವನ್ನು ಅಂಗಿಗೆ ಚುಚ್ಚಿಕೊಂಡು ಹುಂಡಿಗೆ ಹಣ ಹಾಕುತ್ತೇವೆ. ಹಾಕಬೇಕು. ಆದರೆ ಆ ದಿನ ನಮ್ಮ ಊರಿನ, ನಮ್ಮ ಬಡಾವಣೆಯ ಮಾಜಿ ಸೈನಿಕರೊಬ್ಬರ ಮನೆಗೆ ಹೋಗಿ, ಅವರಿಗೆ ಬಂದ ಕಾಗದವೊಂದನ್ನು ಓದಿ ಹೇಳುವುದು ಹುಂಡಿಗೆ ಹಾಕಿದ ಹಣಕ್ಕಿಂತ ಕಡಿಮೆಯ ಗೌರವವಲ್ಲ. ಓದಿದ ಮೇಲೆ, ನನ್ನಂತೆ ಸುಮ್ಮನೆ ಎದ್ದು ಬರದೆ, ‘ಇದಕ್ಕೆ ಉತ್ತರ ಬರೆಯೋಣ’ ಎಂದು ಹೇಳಬೇಕು. ಮಿಲ್ಟ್ರಿ ಮಾವನಿಗೆ ನಾನು ಹೇಳದೆ ಉಳಿದ ಮಾತು ಅದೊಂದೇ.