ಉಗುರೂ ಗಿಟಾರೂ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಸಾಯಂಕಾಲ ತಿರುಗಾಡುವವರಿಗೆ ಬೆನ್ನ ಮೇಲೆ ಗಿಟಾರಿನ ಚೀಲ ಹೊತ್ತ ವಿದ್ಯಾರ್ಥಿನಿಯರು ಕಾಣದಿರುವದಿಲ್ಲ. ಇಂಥವರ ಮನೆಗಳಲ್ಲಿ ಹುಟ್ಟುವ ಒಂದು ಜಗಳವನ್ನು ನಾವು ಬಲ್ಲೆವು. ಉಗುರು ಕತ್ತರಿಸು, ಇಲ್ಲವೆ ವಾದ್ಯವನ್ನು ಬಿಡು ಎಂದು ಹಿರಿಯರು. ಎರಡನ್ನೂ ಬಿಡಲೊಲ್ಲೆನೆಂದು ಮಗಳು. ಕಡೆಗೆ ವಾದ್ಯವು ಗೋಡೆಯ ಮೊಳೆಯನ್ನು ಸೇರುವದು. ಅಷ್ಟು ದೂರ ಹೋಗಬೇಕಾದ ಕಾರಣವಿಲ್ಲ.

ಬಲಗೈಯಲ್ಲಿ ಉಗುರು ದೋಷವಲ್ಲ, ಉಪಕರಣವು. ಮೈಸೂರು ಸಂಪ್ರದಾಯದ ವೈಣಿಕರು ಉಗುರಿನಿಂದಲೇ ಮೀಟುತ್ತ ಬಂದಿರುವರು. ಸ್ಪೇನ್ ದೇಶದ ಸೋರ್ (1778–1839) ಬರಿಯ ಬೆರಳಿನಿಂದಲೂ, ಅವನ ಗೆಳೆಯ ಅಗ್ವಾಡೋ (1784–1849) ಉಗುರಿನಿಂದಲೂ ಗಿಟಾರ್ ಬಾರಿಸಿದರು, ಗೆಳೆತನವೇನೂ ಕೆಡಲಿಲ್ಲ. ಸಂಸ್ಕೃತದಲ್ಲಿ ಮೀಟುವ ಸಾಧನಕ್ಕೆ ಕೋಣವೆಂದು ಹೆಸರು. ಕನ್ನಡದ ಕೋಣನಾದರೋ ಕಿನ್ನರಿಯ ಮುಂದೆ ಸುಮ್ಮನೆ ನಿಲ್ಲತಕ್ಕವನು!

ಕಷ್ಟವಿರುವದು ಎಡಗೈಯಲ್ಲಿ. ರೂಢಿಯ ಶ್ರುತಿಯಲ್ಲಿ ಬೆರಳ ತುದಿಗಳು ನೆಟ್ಟಗೆ ನಿಂತು ತಂತಿಯನ್ನೊತ್ತಬೇಕು. ಉಗುರು ಉದ್ದವಾಗಿದ್ದರೆ ಅದೇ ಮೊದಲು ಕಟ್ಟಿಗೆಗೆ ತಾಗಿ, ಬೆರಳಿನ ಮಾಂಸವು ತಂತಿಯನ್ನು ಬಿಗಿಯಾಗಿ ಒತ್ತಲಾರದು, ನಾದವು ಒಡೆಯುವದು. ಸರೋದದಲ್ಲಿ ಮೆಟ್ಟಿಲುಗಳಿಲ್ಲ, ನುಣುಪಾದ ಲೋಹದ ಪಟ್ಟಿಯಿರುವದು. ಆದ್ದರಿಂದ ಅಲ್ಲಿ ಎಡಗೈಯ ಉಗುರೇ ತಂತಿಯ ಮೇಲೆ ಜಾರಿ ಸ್ವರವನ್ನು ಹಿಡಿಯುವದು. ಬೆಂಗಳೂರಿನಲ್ಲಿ ಹುಟ್ಟಿ ಮೈಸೂರಿನಲ್ಲಿ ನೆಲೆಸಿದ್ದ ಪಂಡಿತ ರಾಜೀವ ತಾರಾನಾಥರು (1932–2024) ಈ ವಾದ್ಯದಲ್ಲಿ ಕನ್ನಡಿಗರಿಗೆ ಕೀರ್ತಿ ತಂದರು. ಅವರ ಗುರುಗಳಾದ ಅಲಿ ಅಕ್ಬರ್ ಖಾನರಲ್ಲಿಯೇ ಕಲಿತ ಬ್ರಿಜಭೂಷಣ ಕಾಬ್ರಾ (1937–2018) ಅವರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ಸಲಾಕೆಯನ್ನು ಜಾರಿಸಿ ರಾಗಗಳನ್ನು ನುಡಿಸಿದರು. ಇಲ್ಲಿ ಉಗುರಿಗೆ ಕೆಲಸವೂ ಇಲ್ಲ, ಅಡ್ಡಿಯೂ ಇಲ್ಲ.

ಸಲಾಕೆ ಬೇಡವೆಂಬವರು ಶ್ರುತಿಯನ್ನಾದರೂ ಬದಲಿಸಿ ನೋಡಬೇಕು. ದಪ್ಪ ತಂತಿಯಿಂದೆಣಿಸಿದರೆ ಮೊದಲನೆಯ, ಐದನೆಯ, ಆರನೆಯ ತಂತಿಗಳನ್ನು ಎರಡೆರಡು ಅರ್ಧಸ್ವರ, ನಾಲ್ಕನೆಯದನ್ನು ಒಂದು ಅರ್ಧಸ್ವರ ಇಳಿಸಿರಿ, ಉಳಿದೆರಡನ್ನು ಮುಟ್ಟಬೇಡಿರಿ. ಎಲ್ಲವೂ ಇಳಿಕೆಯೇ ಆದುದರಿಂದ ತಂತಿ ಹರಿಯುವ ಭಯವಿಲ್ಲ. ಈಗ ಬರಿದೆ ಮೀಟಿದರೆ ಷಡ್ಜ, ಪಂಚಮ, ಷಡ್ಜ, ಶುದ್ಧ ಗಾಂಧಾರ, ಪಂಚಮ, ಷಡ್ಜ! ತಂಬೂರಿಯನ್ನು ಕೇಳಿ ಬೆಳೆದ ನಮ್ಮ ಕಡೆಯ ಕಿವಿಗೆ ಇದು ಪರಕೀಯವೆನಿಸದು. ಒಂದೇ ಬೆರಳನ್ನು ಐದನೆಯ ಮೆಟ್ಟಿಲಿನಲ್ಲಿ ಅಡ್ಡ ಮಲಗಿಸಿದರೆ ಮಧ್ಯಮದ ಮೇಲೆ, ಏಳನೆಯದರಲ್ಲಿ ಪಂಚಮದ ಮೇಲೆ ಅದೇ ಸ್ವರಮೇಳವು ಏಳುವದು. ಮಲಗಿದ ಬೆರಳಿನ ಉಗುರು ತಂತಿಗಳಾಚೆ ಚಾಚಿಕೊಂಡಿರುವದರಿಂದ ಕಟ್ಟಿಗೆಗೆ ತಾಗುವದಿಲ್ಲ.

ಕೋಮಲ ಗಾಂಧಾರದ ರಾಗಗಳಿಗೆ ನಾಲ್ಕನೆಯ ತಂತಿಯನ್ನು ಇನ್ನೊಂದು ಅರ್ಧಸ್ವರ ಇಳಿಸಬೇಕು. ಅದನ್ನು ಇಳಿಸದೆ ಮೊದಲಿನಂತೆಯೇ ಬಿಟ್ಟರೆ ಅಲ್ಲಿ ಶುದ್ಧ ಮಧ್ಯಮ ನಿಲ್ಲುವದು. ನಮಗಂತೂ ಇದೇ ಹೆಚ್ಚು ಹಿತವೆನಿಸುವದು.

ಕ್ಷಣಕ್ಷಣಕ್ಕೂ ಸ್ವರಮೇಳ ಬದಲಾಗುವ ಚಿತ್ರಗೀತೆಗಳಿಗೆ ಮಾತ್ರ ಈ ಉಪಾಯ ಸಾಲದು. ಅವನ್ನೇ ಬಾರಿಸಬೇಕೆಂಬವರು ಎಡಗೈಯ ನಾಲ್ಕು ಉಗುರುಗಳನ್ನು ತೆಗೆಯಲೇಬೇಕು. ಹೆಬ್ಬೆರಳು ದಂಡಿಯ ಹಿಂದೆ ಇರುವದರಿಂದ ಅದರ ಉಗುರು ಇದ್ದರೂ ನಡೆದೀತು.